ಸಭೆಯಲ್ಲಿ ಮೊದಲು ಮಾತಾಡುವವರು ಯಾರು? ಗುಂಪಾಗಿ ಯೋಚಿಸಿ ನಿರ್ಧರಿಸುವ ಪದ್ಧತಿಗಳು

2024ರ ಮಾರ್ಚ್‌ನಲ್ಲಿ ಬೆಂಗಳೂರಿನ ನೀರಿನ ಬವಣೆ ದೇಶಕ್ಕೆಲ್ಲ ಸುದ್ದಿಯಾಯಿತು. ಬೋರ್‌ವೆಲ್‌ಗಳು ಬತ್ತಿದವು, ಟ್ಯಾಂಕರ್ ದರ ಏರಿತು, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ಆಗ ಅಪಾರ್ಟ್‌ಮೆಂಟ್‌ಗಳಲ್ಲಿ ಒಂದಾದ ಮೇಲೊಂದು ತುರ್ತು ಸಭೆಗಳು. ಅಲ್ಲಿಯವರೆಗೆ ಮೇಂಟೆನೆನ್ಸ್ ಹಣ ಕಟ್ಟಿ ಸುಮ್ಮನಿದ್ದವರೆಲ್ಲ ಏಕಾಏಕಿ ಲಕ್ಷಾಂತರ ರೂಪಾಯಿಯ ತೀರ್ಮಾನ ತೆಗೆದುಕೊಳ್ಳಬೇಕಾಯಿತು.

ಇಂಥ ಸಭೆಗಳಿಗೆ ಹೋದವರಿಗೆ ಅವುಗಳ ನಡಿಗೆ ಗೊತ್ತು. ಹತ್ತು ಗಂಟೆಗೆ ಎಂದರೆ ಹತ್ತೂ ಮುಕ್ಕಾಲಿಗೆ ಶುರು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, “ಇನ್ನೊಂದು ಬೋರ್ ಕೊರೆಸೋದೇ ವಾಸಿ ಅಂತ ನನಗನ್ಸುತ್ತೆ, ನೀವೇನಂತೀರಾ?” ಎನ್ನುತ್ತಾರೆ. ಮುಂದಿನ ಸಾಲಿನ ಇಬ್ಬರು ತಲೆಯಾಡಿಸುತ್ತಾರೆ. ಒಬ್ಬರು ಕಳೆದ ಸಲದ ಬೋರ್‌ನ ಲೆಕ್ಕ ಕೇಳುತ್ತಾರೆ. ಇನ್ನೊಬ್ಬರು, “ಸಾರ್, ಮೊದಲು ವಿಸಿಟರ್ಸ್ ಪಾರ್ಕಿಂಗ್ ವಿಷಯ ಇತ್ಯರ್ಥ ಮಾಡಿ” ಎಂದು ಎದ್ದು ನಿಲ್ಲುತ್ತಾರೆ. ಪಂಪ್ ಆಪರೇಟರ್ ಬಾಗಿಲ ಬಳಿ ಕೈಕಟ್ಟಿ ನಿಂತಿರುತ್ತಾನೆ. ಯಾವ ಬ್ಲಾಕ್‌ನ ಪೈಪು ಸೋರುತ್ತದೆ ಎಂಬುದು ಅವನಿಗೆ ಗೊತ್ತು, ಆದರೆ ಅವನನ್ನು ಯಾರೂ ಕೇಳುವುದಿಲ್ಲ. ಹನ್ನೆರಡೂವರೆಗೆ ಹಸಿವಾಗುತ್ತದೆ, ಕೈ ಎತ್ತಿಸುತ್ತಾರೆ, ಬೋರ್ ಪಾಸಾಗುತ್ತದೆ.

ಹಾಲಿನ ಡೇರಿಯ ಸರ್ವಸದಸ್ಯರ ಸಭೆ, ಸ್ತ್ರೀಶಕ್ತಿ ಸಂಘ, ಶಾಲೆಯ ಎಸ್‌ಡಿಎಂಸಿ, ಕಚೇರಿಯ ಸೋಮವಾರದ ಮೀಟಿಂಗ್, ಎಲ್ಲ ಕಡೆಯೂ ಹೆಚ್ಚುಕಮ್ಮಿ ಇದೇ ಕತೆ. ಬಂದವರು ದಡ್ಡರೇನಲ್ಲ, ಅವರಿಗೆ ಕಾಳಜಿಯೂ ಇದೆ. ಎಡವಟ್ಟಾಗುವುದು ಸಭೆ ನಡೆಯುವ ಕ್ರಮದಲ್ಲಿ. ಆ ಕ್ರಮವನ್ನು ಹೇಗೆ ಕಟ್ಟಬೇಕು ಎಂದು ಸುಮಾರು ಎಪ್ಪತ್ತು ವರ್ಷಗಳಿಂದ ಮನಶ್ಶಾಸ್ತ್ರಜ್ಞರು, ಎಂಜಿನಿಯರುಗಳು, ಹಳ್ಳಿಗಳಲ್ಲಿ ಕೆಲಸ ಮಾಡುವ ಸಂಸ್ಥೆಗಳು ಪ್ರಯೋಗ ಮಾಡುತ್ತ ಬಂದಿದ್ದಾರೆ.

ಪದ್ಧತಿ ಎಂದರೆ ಏನು?

ಗುಂಪೊಂದು ತೀರ್ಮಾನಕ್ಕೆ ಬರುವಾಗ ನಾಲ್ಕು ಬೇರೆ ಬೇರೆ ಕೆಲಸ ನಡೆಯಬೇಕು. ಸಮಸ್ಯೆ ಏನೆಂದು ಗುರುತಿಸುವುದು, ದಾರಿಗಳನ್ನು ಹುಡುಕುವುದು, ಅವುಗಳನ್ನು ತೂಗಿ ನೋಡುವುದು, ಕೊನೆಗೆ ಒಂದನ್ನು ಆರಿಸುವುದು. ಸಾಮಾನ್ಯ ಸಭೆಯಲ್ಲಿ ಈ ನಾಲ್ಕೂ ಒಟ್ಟೊಟ್ಟಿಗೆ ನಡೆಯುತ್ತವೆ. ಒಬ್ಬರು ಉಪಾಯ ಹೇಳುತ್ತಿರುವಾಗಲೇ ಮತ್ತೊಬ್ಬರು ಅದರ ತಪ್ಪು ಎಣಿಸುತ್ತಾರೆ, ಮೂರನೆಯವರು ಆಗಲೇ ಮನಸ್ಸಿನಲ್ಲಿ ಮತ ಹಾಕಿಬಿಟ್ಟಿರುತ್ತಾರೆ.

ಸಿಗ್ನಲ್ ಕೆಟ್ಟ ಸರ್ಕಲ್ ನೋಡಿದ್ದೀರಲ್ಲ? ವಾಹನಗಳು ಅವೇ, ರಸ್ತೆಯೂ ಅದೇ. ಆದರೂ ಎಲ್ಲರೂ ಒಟ್ಟಿಗೆ ನುಗ್ಗುವುದರಿಂದ ಯಾರೂ ಮುಂದೆ ಹೋಗುವುದಿಲ್ಲ; ಲಾರಿ, ಬಸ್ಸಿನಂಥ ದೊಡ್ಡ ಗಾಡಿಗಳು ಮಾತ್ರ ಹೇಗೋ ದಾರಿ ಮಾಡಿಕೊಳ್ಳುತ್ತವೆ. ಯೋಚನೆಯ ಪದ್ಧತಿಗಳು ಸಿಗ್ನಲ್ಲಿನ ಕೆಲಸ ಮಾಡುತ್ತವೆ. ಯಾವ ಬಗೆಯ ಯೋಚನೆಗೆ ಯಾವಾಗ ಹಸಿರು, ಯಾರ ಮಾತಿಗೆ ಯಾವಾಗ ಸರದಿ ಎಂದು ಮೊದಲೇ ಗೊತ್ತುಮಾಡುತ್ತವೆ. ಇವು ಯಾರನ್ನೂ ಹೆಚ್ಚು ಬುದ್ಧಿವಂತರನ್ನಾಗಿ ಮಾಡುವುದಿಲ್ಲ. ಬಂದವರಿಗೆ ಆಗಲೇ ಗೊತ್ತಿರುವುದನ್ನು ಹೊರಗೆ ತರುತ್ತವೆ, ಅಷ್ಟೆ. ಆ ‘ಅಷ್ಟೆ’ ಎಷ್ಟು ಕಷ್ಟದ ಕೆಲಸ ಎಂಬುದು ಮುಂದಿನ ಪ್ರಯೋಗಗಳಿಂದ ತಿಳಿಯುತ್ತದೆ.

ಗೊತ್ತಿದ್ದೂ ಸುಮ್ಮನಾಗುವುದು ಏಕೆ?

1950ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ಒಂದು ಸರಳ ಪ್ರಯೋಗ ಮಾಡಿದರು. ಒಂದು ಕಾರ್ಡಿನ ಮೇಲೆ ಒಂದು ಗೆರೆ, ಇನ್ನೊಂದರ ಮೇಲೆ ಮೂರು ಗೆರೆ. ಮೂರರಲ್ಲಿ ಯಾವುದು ಮೊದಲ ಗೆರೆಯಷ್ಟೇ ಉದ್ದವಿದೆ? ಚಿಕ್ಕ ಮಗುವೂ ಹೇಳಬಹುದಾದ ಉತ್ತರ. ಆದರೆ ಕೋಣೆಯಲ್ಲಿ ಕೂತವರಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಪ್ರಯೋಗಕ್ಕೆಂದೇ ಕರೆತಂದ ನಟರು. ಅವರು ಒಬ್ಬರಾದ ಮೇಲೊಬ್ಬರು ಬೇಕೆಂದೇ ತಪ್ಪು ಗೆರೆ ತೋರಿಸುತ್ತಿದ್ದರು. ಏನೂ ಅರಿಯದ ಆ ಒಬ್ಬರ ಸರದಿ ಬರುವ ಹೊತ್ತಿಗೆ ಕೋಣೆಯ ಒಮ್ಮತ ಗಟ್ಟಿಯಾಗಿರುತ್ತಿತ್ತು. ಇಂಥ ಸುತ್ತುಗಳಲ್ಲಿ ಸುಮಾರು ಮೂರನೇ ಒಂದರಷ್ಟು ಉತ್ತರಗಳು ಗುಂಪಿನ ತಪ್ಪಿನ ಕಡೆಗೇ ವಾಲಿದವು. ನಾಲ್ವರಲ್ಲಿ ಮೂವರು ಒಂದು ಸಲವಾದರೂ ಕಣ್ಣಿಗೆ ಕಂಡದ್ದನ್ನು ಬಿಟ್ಟು ಗುಂಪಿನ ಮಾತು ಹೇಳಿದರು.

ಆಶ್ ಪ್ರಯೋಗದ ಇನ್ನೆರಡು ಫಲಿತಾಂಶಗಳನ್ನು ಜನ ಹೆಚ್ಚಾಗಿ ನೆನಪಿಟ್ಟುಕೊಳ್ಳುವುದಿಲ್ಲ. ನಮಗೆ ಬೇಕಾದದ್ದು ಅವೇ. ನಟರಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಕೊಟ್ಟರೂ ಸಾಕು, ಗುಂಪಿನ ಹಿಡಿತ ಥಟ್ಟನೆ ಸಡಿಲವಾಗುತ್ತಿತ್ತು. ಉತ್ತರವನ್ನು ಬಾಯಲ್ಲಿ ಹೇಳುವ ಬದಲು ಚೀಟಿಯಲ್ಲಿ ಬರೆಯಬಹುದು ಎಂದಾಗಲೂ ತಲೆಬಾಗುವವರು ಬಹಳ ಕಡಿಮೆಯಾದರು.

ಎರಡನೆಯ ಪ್ರಯೋಗ 1985ರದು, ಗ್ಯಾರೋಲ್ಡ್ ಸ್ಟ್ಯಾಸರ್ ಮತ್ತು ವಿಲಿಯಂ ಟೈಟಸ್ ಅವರದು. ವಿದ್ಯಾರ್ಥಿ ಸಂಘದ ಅಧ್ಯಕ್ಷ ಹುದ್ದೆಗೆ ಮೂವರು ಅಭ್ಯರ್ಥಿಗಳು. ಎಲ್ಲ ಮಾಹಿತಿ ಕೂಡಿಸಿದರೆ ಮೊದಲನೆಯವನೇ ಉತ್ತಮ. ಆದರೆ ಅವನ ಒಳ್ಳೆಯ ಗುಣಗಳನ್ನು ಗುಂಪಿನ ನಾಲ್ವರಿಗೆ ಚೂರು ಚೂರಾಗಿ ಹಂಚಲಾಗಿತ್ತು. ಒಬ್ಬೊಬ್ಬರಿಗೆ ಒಂದೊಂದು ಚೂರು ಮಾತ್ರ ಗೊತ್ತು. ಚರ್ಚೆಯಲ್ಲಿ ಆ ಚೂರುಗಳು ಒಂದಾಗಬೇಕಿತ್ತು. ಆಗಲಿಲ್ಲ. ಎಲ್ಲರಿಗೂ ಮೊದಲೇ ಗೊತ್ತಿದ್ದ ಮಾತನ್ನೇ ಎಲ್ಲರೂ ಮತ್ತೆ ಮತ್ತೆ ಆಡಿದರು, ಒಬ್ಬರಿಗೆ ಮಾತ್ರ ಗೊತ್ತಿದ್ದದ್ದು ಮೇಲೆ ಬರಲೇ ಇಲ್ಲ. ಹೆಚ್ಚಿನ ಗುಂಪುಗಳು ತಪ್ಪು ಅಭ್ಯರ್ಥಿಯನ್ನು ಆರಿಸಿದವು. ಬಾಗಿಲ ಬಳಿ ನಿಂತ ಪಂಪ್ ಆಪರೇಟರ್‌ನ ಪಾಡೂ ಇದೇ.

ಅದೇ ಅಧ್ಯಕ್ಷ, ಎರಡು ಬಗೆಯ ಸಭೆ

ಪ್ರಯೋಗಶಾಲೆಯ ಆಚೆ, ನಿಜವಾದ ಅಧಿಕಾರ ಇರುವ ಕಡೆ ಏನಾಗುತ್ತದೆ? ಇದಕ್ಕೆ ಪಾಠದಂತೆ ಹೇಳುವ ಜೋಡಿ ಘಟನೆಗಳು ಅಮೆರಿಕ ಮತ್ತು ಕ್ಯೂಬಾದ್ದು.

1961ರ ಏಪ್ರಿಲ್ 17ರಂದು, ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ತರಬೇತಿ ಕೊಟ್ಟ ಸುಮಾರು 1,400 ಕ್ಯೂಬನ್ ನಿರಾಶ್ರಿತರು ಫಿಡೆಲ್ ಕ್ಯಾಸ್ಟ್ರೊ ಸರ್ಕಾರವನ್ನು ಉರುಳಿಸಲೆಂದು ಬೇ ಆಫ್ ಪಿಗ್ಸ್ ಎಂಬ ಕೊಲ್ಲಿಯಲ್ಲಿ ಇಳಿದರು. ಮೂರು ದಿನದೊಳಗೆ ಎಲ್ಲ ಮುಗಿಯಿತು. ನೂರಕ್ಕೂ ಹೆಚ್ಚು ಜನ ಸತ್ತರು, ಸಾವಿರಕ್ಕೂ ಹೆಚ್ಚು ಜನ ಸೆರೆಯಾದರು. ದಾಳಿ ವಿಫಲವಾದರೆ ಹೋರಾಟಗಾರರು ಎಸ್ಕಾಂಬ್ರೆ ಬೆಟ್ಟಗಳಿಗೆ ಸರಿದುಕೊಳ್ಳಬಹುದು ಎಂಬ ನಂಬಿಕೆ ವಾಷಿಂಗ್ಟನ್ನಿನಲ್ಲಿತ್ತು. ಆದರೆ ಇಳಿಯುವ ಜಾಗ ನಡುವೆ ಬದಲಾಗಿತ್ತು. ಹೊಸ ಜಾಗದಿಂದ ಆ ಬೆಟ್ಟಗಳು ಸುಮಾರು 130 ಕಿಲೋಮೀಟರ್ ದೂರ, ನಡುವೆ ಜೌಗು. ಭೂಪಟ ಬಿಡಿಸಿ ನೋಡಿದ್ದರೆ ಗೊತ್ತಾಗುವ ವಿಷಯ.

ಅಧ್ಯಕ್ಷ ಜಾನ್ ಕೆನಡಿಯ ಸುತ್ತ ದೇಶದ ಅತಿ ಬುದ್ಧಿವಂತರೆನಿಸಿಕೊಂಡವರೇ ಇದ್ದರು. ಅವರಲ್ಲೊಬ್ಬರಾದ ಇತಿಹಾಸಕಾರ ಆರ್ಥರ್ ಶ್ಲೆಸಿಂಜರ್ ತಮ್ಮ ಆಕ್ಷೇಪವನ್ನು ಅಧ್ಯಕ್ಷರಿಗೆ ಬರೆದು ಕೊಟ್ಟಿದ್ದರು. ಸಭೆಯಲ್ಲಿ ಮಾತ್ರ ಗಟ್ಟಿಯಾಗಿ ಹೇಳಲಿಲ್ಲ. ಆ ಮೌನಕ್ಕಾಗಿ ಮುಂದೆ ತಮ್ಮನ್ನೇ ದೂಷಿಸಿಕೊಂಡರು. ಒಗ್ಗಟ್ಟು ಕೆಡಬಾರದೆಂಬ ಆಸೆಯಲ್ಲಿ ಗುಂಪು ತನ್ನ ಅನುಮಾನಗಳನ್ನು ತಾನೇ ಅದುಮಿಕೊಳ್ಳುವ ಈ ಬಗೆಗೆ ಇರುವ ‘ಗ್ರೂಪ್‌ಥಿಂಕ್’ ಎಂಬ ಹೆಸರನ್ನು ಮನಶ್ಶಾಸ್ತ್ರಜ್ಞ ಇರ್ವಿಂಗ್ ಜಾನಿಸ್ 1970ರ ದಶಕದ ಆರಂಭದಲ್ಲಿ ಪ್ರಚಾರಕ್ಕೆ ತಂದರು.

ಒಂದೂವರೆ ವರ್ಷದ ನಂತರ, 1962ರ ಅಕ್ಟೋಬರ್ 16ರಂದು, ಕ್ಯೂಬಾದಲ್ಲಿ ಸೋವಿಯತ್ ಅಣ್ವಸ್ತ್ರ ಕ್ಷಿಪಣಿಗಳು ಇರುವ ಚಿತ್ರಗಳು ಕೆನಡಿಯ ಮೇಜಿಗೆ ಬಂದವು. ಸಲಹೆಗಾರರಲ್ಲಿ ಹಲವರು ಹಳಬರೇ. ಮೊದಲ ದಿನದ ಒಲವು ವಿಮಾನ ದಾಳಿಯ ಕಡೆಗೇ ಇತ್ತು. ಈ ಸಲ ಸಭೆಯ ಕ್ರಮ ಬೇರೆ. ತಾನಿದ್ದರೆ ಜನ ಬಾಯಿ ಬಿಡುವುದಿಲ್ಲ ಎಂದು ಕೆನಡಿ ಕೆಲವು ಸಭೆಗಳಿಂದ ಬೇಕೆಂದೇ ದೂರ ಉಳಿದರು. ಸಲಹೆಗಾರರು ತಂಡಗಳಾಗಿ ಒಡೆದುಕೊಂಡರು. ಒಂದು ತಂಡ ದಾಳಿಯ ಪರ, ಇನ್ನೊಂದು ನೌಕಾ ದಿಗ್ಬಂಧನದ ಪರ ತಮ್ಮ ವಾದವನ್ನು ಬರೆದು, ಕಾಗದಗಳನ್ನು ಅದಲುಬದಲು ಮಾಡಿಕೊಂಡು, ಒಬ್ಬರದನ್ನೊಬ್ಬರು ಸೀಳಿ ನೋಡಿದರು. ಅಧ್ಯಕ್ಷರ ತಮ್ಮ ರಾಬರ್ಟ್ ಕೆನಡಿ ಮತ್ತು ಭಾಷಣ ಬರೆಯುವ ಥಿಯೊಡೋರ್ ಸೊರೆನ್‌ಸನ್ ಅವರಿಗೆ ಪ್ರತಿ ವಾದವನ್ನೂ ಕೆದಕಿ ಕೇಳುವ ಕೆಲಸ. ಆರು ದಿನ ಕಳೆದ ಮೇಲೆ, 22ರಂದು ಕೆನಡಿ ಘೋಷಿಸಿದ್ದು ದಿಗ್ಬಂಧನವನ್ನು. 28ರಂದು ಸೋವಿಯತ್ ನಾಯಕ ಕ್ರುಶ್ಚೇವ್ ಕ್ಷಿಪಣಿಗಳನ್ನು ವಾಪಸು ಪಡೆಯಲು ಒಪ್ಪಿದರು.

ಸಭೆಯ ಕ್ರಮವೊಂದೇ ಯುದ್ಧ ತಪ್ಪಿಸಿತು ಎಂದರೆ ಉತ್ಪ್ರೇಕ್ಷೆ. ಟರ್ಕಿಯಲ್ಲಿದ್ದ ಅಮೆರಿಕದ ಕ್ಷಿಪಣಿಗಳನ್ನು ತೆಗೆಯುವ ಗುಟ್ಟಿನ ಒಪ್ಪಂದವೂ ಇತ್ತು, ಅದೃಷ್ಟವೂ ಇತ್ತು. ಆದರೆ ಮೊದಲ ದಿನವೇ ಕೈ ಎತ್ತಿಸಿದ್ದರೆ ದಾಳಿಯೇ ಪಾಸಾಗುತ್ತಿತ್ತು ಎಂಬುದರಲ್ಲಿ ಹೆಚ್ಚು ಅನುಮಾನವಿಲ್ಲ.

ಮೊದಲು ಸಮಸ್ಯೆ ಯಾವುದೆಂದು ನೋಡಿ

‘ಬೋರ್ ಕೊರೆಸೋಣವೇ, ಬೇಡವೇ?’ ಎಂಬುದು ಸಮಸ್ಯೆಯಲ್ಲ, ಪರಿಹಾರ. ಸಭೆಗಳು ಹೀಗೆ ಪರಿಹಾರದಿಂದಲೇ ಶುರುವಾಗಿ ಸಮಸ್ಯೆಯತ್ತ ತಿರುಗಿಯೂ ನೋಡುವುದಿಲ್ಲ.

ಇದಕ್ಕೆ ಟೊಯೋಟ ಕಾರ್ಖಾನೆಗಳಿಂದ ಬಂದ ಮದ್ದು ‘ಐದು ಸಲ ಏಕೆ’. ಅಲ್ಲಿನ ಉತ್ಪಾದನಾ ಪದ್ಧತಿ ರೂಪಿಸಿದ ತಾಯಿಚಿ ಓನೊ ಕೊಡುತ್ತಿದ್ದ ಉದಾಹರಣೆ ಹೀಗಿದೆ. ಯಂತ್ರ ನಿಂತಿತು. ಏಕೆ? ಹೊರೆ ಹೆಚ್ಚಾಗಿ ಫ್ಯೂಸ್ ಹೋಯಿತು. ಹೊರೆ ಏಕೆ ಹೆಚ್ಚಾಯಿತು? ಬೇರಿಂಗ್‌ಗೆ ಎಣ್ಣೆ ಸಾಲಲಿಲ್ಲ. ಏಕೆ? ಎಣ್ಣೆಯ ಪಂಪು ಸರಿಯಾಗಿ ಎಳೆಯುತ್ತಿಲ್ಲ. ಏಕೆ? ಪಂಪಿನ ದಂಡ ಸವೆದಿದೆ. ಏಕೆ? ಸೋಸುವ ಜಾಲರಿ ಇಲ್ಲದೆ ಲೋಹದ ಚೂರು ಒಳಗೆ ಹೋಗಿದೆ. ಮೊದಲ ಉತ್ತರಕ್ಕೇ ನಿಂತಿದ್ದರೆ ಫ್ಯೂಸ್ ಬದಲಾಯಿಸುತ್ತಿದ್ದರು, ಕೆಲವೇ ದಿನಗಳಲ್ಲಿ ಅದು ಮತ್ತೆ ಹೋಗುತ್ತಿತ್ತು. ಐದು ಎಂಬುದು ಮಂತ್ರಸಂಖ್ಯೆಯಲ್ಲ. ಕೆಲವೊಮ್ಮೆ ಮೂರಕ್ಕೇ ಬುಡ ಸಿಗುತ್ತದೆ.

ನೀರಿನ ಸಭೆಯಲ್ಲೂ ಇದನ್ನು ಮಾಡಬಹುದು. ನೀರು ಏಕೆ ಸಾಲುತ್ತಿಲ್ಲ? ಬರುವುದು ಕಡಿಮೆಯಾಗಿದೆಯೋ, ಖರ್ಚು ಹೆಚ್ಚಾಗಿದೆಯೋ, ನಡುವೆ ಸೋರುತ್ತಿದೆಯೋ? ಸಂಪಿನ ಮೀಟರಿಗೂ ಮನೆಗಳ ಮೀಟರುಗಳ ಮೊತ್ತಕ್ಕೂ ತಾಳೆ ನೋಡಿದರೆ ಮೂರನೆಯದಕ್ಕೆ ಉತ್ತರ ಸಿಗುತ್ತದೆ. ಮನೆಗಳಿಗೆ ಮೀಟರೇ ಇಲ್ಲದಿದ್ದರೆ, ಸಭೆಯ ಮೊದಲ ತೀರ್ಮಾನ ಯಾವುದೆಂದು ಬೇರೆ ಹೇಳಬೇಕಿಲ್ಲ. ಒಂದೇ ಸಮಸ್ಯೆಗೆ ಕಾರಣಗಳು ಹಲವು ಕಡೆಯಿಂದ ಬಂದಿದ್ದರೆ ‘ಏಕೆ’ಯ ಒಂದೇ ಸರಪಳಿ ಸಾಲದು. ಆಗ ಜಪಾನಿನ ಕಾವೊರು ಇಶಿಕಾವ ರೂಪಿಸಿದ ಮೀನಿನ ಮುಳ್ಳಿನ ಚಿತ್ರ ಬಳಸುತ್ತಾರೆ. ತಲೆಯ ಜಾಗದಲ್ಲಿ ಸಮಸ್ಯೆ, ಒಂದೊಂದು ಮುಳ್ಳಿನಲ್ಲಿ ಒಂದೊಂದು ಬಗೆಯ ಕಾರಣ.

ಮಾತಿಗೆ ಮೊದಲು ಚೀಟಿ

ಉಪಾಯಗಳನ್ನು ಹುಡುಕುವ ಹಂತಕ್ಕೆ ಎಲ್ಲರಿಗೂ ಗೊತ್ತಿರುವ ಹೆಸರು ಬ್ರೈನ್‌ಸ್ಟಾರ್ಮಿಂಗ್. ಅಮೆರಿಕದ ಜಾಹೀರಾತು ಕಂಪನಿಯೊಂದರ ಪಾಲುದಾರ ಅಲೆಕ್ಸ್ ಆಸ್‌ಬಾರ್ನ್ 1940 ಮತ್ತು 50ರ ದಶಕಗಳಲ್ಲಿ ಇದನ್ನು ಪ್ರಚಾರಕ್ಕೆ ತಂದರು. ನಿಯಮಗಳು ನಾಲ್ಕು. ಸದ್ಯಕ್ಕೆ ಯಾರೂ ಟೀಕಿಸಬಾರದು, ಎಷ್ಟು ಹೆಚ್ಚಾದರೆ ಅಷ್ಟು ಒಳ್ಳೆಯದು, ವಿಚಿತ್ರವೆನಿಸಿದರೂ ಹೇಳಬಹುದು, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಕಟ್ಟಬಹುದು.

ನಿಯಮಗಳೇನೋ ಚೆನ್ನಾಗಿವೆ. ಆದರೆ 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷೆಗೆ ಒಡ್ಡಿದರು. ನಾಲ್ವರು ಒಟ್ಟಿಗೆ ಕೂತು ಹೇಳಿದ ಉಪಾಯಗಳಿಗಿಂತ, ನಾಲ್ವರು ಬೇರೆ ಬೇರೆ ಕೂತು ಬರೆದು ಆಮೇಲೆ ಕೂಡಿಸಿದ ಉಪಾಯಗಳು ಹೆಚ್ಚುಕಮ್ಮಿ ಎರಡರಷ್ಟಿದ್ದವು. ನಂತರದ ಪ್ರಯೋಗಗಳಲ್ಲೂ ಇದೇ ಕಂಡುಬಂತು. 1987ರಲ್ಲಿ ಮೈಕೆಲ್ ಡೀಲ್ ಮತ್ತು ವೋಲ್ಫ್‌ಗ್ಯಾಂಗ್ ಸ್ಟ್ರೋಬೆ ಇದಕ್ಕೆ ಮುಖ್ಯ ಕಾರಣ ತೋರಿಸಿಕೊಟ್ಟರು. ಒಂದು ಹೊತ್ತಿನಲ್ಲಿ ಒಬ್ಬರೇ ಮಾತಾಡಬಹುದು; ಉಳಿದವರು ತಮ್ಮ ಸರದಿಗೆ ಕಾಯುತ್ತ, ಕೇಳುತ್ತ, ಹೇಳಬೇಕೆಂದುಕೊಂಡದ್ದನ್ನೇ ಮರೆಯುತ್ತಾರೆ.

ಈ ಕೊರತೆಗೆ ಉತ್ತರವಾಗಿ ಆಂಡ್ರೆ ಡೆಲ್ಬೆಕ್ ಮತ್ತು ಆಂಡ್ರ್ಯೂ ವ್ಯಾನ್ ಡಿ ವೆನ್ ಎಂಬ ಸಂಶೋಧಕರ ಪದ್ಧತಿಯೊಂದಿದೆ. 1971ರಲ್ಲಿ ಪ್ರಕಟವಾದ ಅದರ ಶಾಸ್ತ್ರೀಯ ಹೆಸರು ನಾಮಿನಲ್ ಗ್ರೂಪ್ ಟೆಕ್ನಿಕ್. ಹೆಸರು ಹೆದರಿಸುವಂತಿದೆ, ಬೇಕಾಗುವುದು ಮಾತ್ರ ಕಾಗದ, ಪೆನ್ನು, ಒಂದು ಬೋರ್ಡು. ಈ ಲೇಖನದಲ್ಲಿ ಒಂದೇ ಪದ್ಧತಿಯನ್ನು ಮನೆಗೆ ಒಯ್ಯುವುದಾದರೆ ಇದನ್ನೇ ಒಯ್ಯಿರಿ ಎನ್ನುತ್ತೇನೆ.

ಹತ್ತು ಹನ್ನೆರಡು ಜನರ ಸಮಿತಿ ಎಂದುಕೊಳ್ಳಿ. ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆಯುತ್ತಾರೆ: ‘ಮುಂದಿನ ಬೇಸಿಗೆಯಲ್ಲಿ ಟ್ಯಾಂಕರ್ ಖರ್ಚು ಅರ್ಧಕ್ಕೆ ಇಳಿಸಲು ಏನೇನು ಮಾಡಬಹುದು?’ ಹತ್ತು ನಿಮಿಷ ಯಾರೂ ಮಾತಾಡುವಂತಿಲ್ಲ, ಎಲ್ಲರೂ ತಮ್ಮ ಪಾಡಿಗೆ ಬರೆಯಬೇಕು. ಮೊದಲ ಎರಡು ನಿಮಿಷ ಮುಜುಗರ. ಯಾರೋ ಕೆಮ್ಮುತ್ತಾರೆ, ಯಾರೋ ಮೊಬೈಲ್ ತಿರುಗಿಸುತ್ತಾರೆ. ಆಮೇಲೆ ಪೆನ್ನುಗಳು ಓಡುತ್ತವೆ. ಸಮಯ ಮುಗಿದ ಮೇಲೆ ಪ್ರತಿಯೊಬ್ಬರೂ ತಮ್ಮ ಚೀಟಿಯಿಂದ ಒಂದೇ ಒಂದನ್ನು ಓದುತ್ತಾರೆ. ಅದು ಅವರ ಮಾತಿನಲ್ಲೇ ಬೋರ್ಡಿಗೆ ಹೋಗುತ್ತದೆ, ಟೀಕೆಯಿಲ್ಲ, ವ್ಯಾಖ್ಯಾನವಿಲ್ಲ. ಚೀಟಿಗಳು ಖಾಲಿಯಾಗುವವರೆಗೆ ಸುತ್ತು ಮುಂದುವರಿಯುತ್ತದೆ. ಅಧ್ಯಕ್ಷರು ಕೊನೆಯಲ್ಲಿ ಓದುವುದು ಲೇಸು. ಅದಾದ ಮೇಲೆ ಅರ್ಥವಾಗದ್ದನ್ನು ಕೇಳಿ ತಿಳಿದುಕೊಳ್ಳುವ ಸುತ್ತು, ಒಂದೇ ಬಗೆಯವನ್ನು ಕೂಡಿಸುವ ಕೆಲಸ. ಕೊನೆಗೆ ಎಲ್ಲರೂ ತಮಗೆ ಮುಖ್ಯವೆನಿಸಿದ ಐದನ್ನು ಆರಿಸಿ, ಗುಟ್ಟಾಗಿ ಅಂಕ ಕೊಡುತ್ತಾರೆ. ಅಂಕ ಕೂಡಿಸಿದರೆ ಗುಂಪಿನ ಆದ್ಯತೆ ಕಣ್ಣಿಗೆ ಕಾಣುತ್ತದೆ.

ಆಶ್ ಪ್ರಯೋಗದ ಚೀಟಿ ಇಲ್ಲಿದೆ. ಸ್ಟ್ಯಾಸರ್ ಪ್ರಯೋಗದಲ್ಲಿ ಮೇಲೆ ಬಾರದೆ ಉಳಿದ ಚೂರುಗಳಿಗೆ ಇಲ್ಲಿ ಸರದಿ ಬರುತ್ತದೆ. ಎಂದೂ ಎದ್ದುನಿಂತು ಮಾತಾಡದ ಎರಡನೇ ಮಹಡಿಯ ಅಜ್ಜಿಯ ಚೀಟಿಗೂ ಅಧ್ಯಕ್ಷರ ಚೀಟಿಗೂ ಬೋರ್ಡಿನ ಮೇಲೆ ಒಂದೇ ಗಾತ್ರದ ಅಕ್ಷರ. ಪಂಪ್ ಆಪರೇಟರ್‌ಗೂ ಒಂದು ಚೀಟಿ ಕೊಡಬಹುದು. ಬರೆಯಲು ಬಾರದಿದ್ದರೆ ಇನ್ನೊಬ್ಬರು ಬರೆದುಕೊಂಡರಾಯಿತು.

ಆರು ಟೋಪಿಗಳು

ಮಾಲ್ಟಾ ದೇಶದಲ್ಲಿ ಹುಟ್ಟಿದ ವೈದ್ಯ ಎಡ್ವರ್ಡ್ ಡಿ ಬೊನೊ 1985ರಲ್ಲಿ ಪರಿಚಯಿಸಿದ ಆರು ಟೋಪಿಗಳ ಪದ್ಧತಿಯ ಬಗ್ಗೆ ಐಟಿ ಕಂಪನಿಗಳಲ್ಲಿ ಕೆಲಸ ಮಾಡುವವರು ತರಬೇತಿಗಳಲ್ಲಿ ಕೇಳಿರಬಹುದು. ತಲೆಗೆ ನಿಜವಾಗಿ ಟೋಪಿ ಹಾಕಬೇಕಿಲ್ಲ. ಬಿಳಿ ಎಂದರೆ ಬರೀ ಅಂಕಿಅಂಶ, ಕೆಂಪು ಎಂದರೆ ಮನಸ್ಸಿಗೆ ಅನಿಸಿದ್ದು (ಕಾರಣ ಕೊಡಬೇಕಿಲ್ಲ), ಕಪ್ಪು ಎಂದರೆ ಅಪಾಯ, ಹಳದಿ ಎಂದರೆ ಲಾಭ, ಹಸಿರು ಎಂದರೆ ಹೊಸ ದಾರಿ, ನೀಲಿ ಎಂದರೆ ಸಭೆಯ ಕ್ರಮವನ್ನು ನೋಡಿಕೊಳ್ಳುವುದು.

ತರಬೇತಿಗಳಲ್ಲೂ ಆಗಾಗ ತಪ್ಪಾಗುವ ಒಂದು ವಿಷಯವಿದೆ. ‘ನೀನು ಕಪ್ಪು, ನಾನು ಹಳದಿ’ ಎಂದು ಟೋಪಿ ಹಂಚಿಕೊಳ್ಳುವುದಲ್ಲ. ಎಲ್ಲರೂ ಒಂದೇ ಹೊತ್ತಿಗೆ ಒಂದೇ ಬಣ್ಣದಲ್ಲಿ ಯೋಚಿಸಬೇಕು. ಕಪ್ಪಿನ ಐದು ನಿಮಿಷದಲ್ಲಿ ಬೋರ್‌ವೆಲ್ ಬೇಕೇಬೇಕು ಎನ್ನುವವರೂ ಅದರ ಅಪಾಯ ಹುಡುಕಬೇಕು: ನೀರು ಸಿಗದಿದ್ದರೆ? ಅನುಮತಿ ಬಾರದಿದ್ದರೆ? ಹಳದಿಯ ಐದು ನಿಮಿಷದಲ್ಲಿ ವಿರೋಧಿಗಳೂ ಅದರ ಲಾಭ ಹೇಳಬೇಕು. ‘ಅವರು ಯಾವಾಗಲೂ ಅಡ್ಡಗಾಲು ಹಾಕ್ತಾರೆ’ ಎಂಬ ಮಾತಿಗೆ ಅಲ್ಲಿ ಜಾಗವಿರುವುದಿಲ್ಲ.

ಟೋಪಿಯ ಮಾತು ಬಂದಾಗ 1986ರ ಜನವರಿ 27ರ ರಾತ್ರಿ ನೆನಪಾಗುತ್ತದೆ. ಮಾರನೆಯ ದಿನ ಹಾರಬೇಕಿದ್ದ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ರಾಕೆಟ್ ತಯಾರಿಸಿದ್ದ ಕಂಪನಿಯ ಎಂಜಿನಿಯರುಗಳು, ಚಳಿಗೆ ರಬ್ಬರ್ ಉಂಗುರಗಳು ಗಡುಸಾಗುತ್ತವೆ, ಉಡಾವಣೆ ಬೇಡ ಎಂದರು. ಕಂಪನಿಯ ಹಿರಿಯ ಅಧಿಕಾರಿಯೊಬ್ಬರು ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಿಗೆ, ಎಂಜಿನಿಯರ್ ಟೋಪಿ ತೆಗೆದು ಮ್ಯಾನೇಜರ್ ಟೋಪಿ ಹಾಕಿಕೊಳ್ಳಿ ಎಂದರು. ಸಲಹೆ ತಿರುವುಮುರುವಾಯಿತು. ಮೇಲೇರಿದ 73 ಸೆಕೆಂಡಿಗೆ ನೌಕೆ ಒಡೆದು ಚೂರಾಯಿತು, ಅದರಲ್ಲಿದ್ದ ಏಳು ಜನ ಪ್ರಾಣ ಕಳೆದುಕೊಂಡರು. ಅಪಾಯ ಕಂಡವರ ಬಾಯಿ ಮುಚ್ಚಿಸದೆ, ಅದಕ್ಕೆಂದೇ ಸಮಯ ಮೀಸಲಿಡುವುದು ಕಪ್ಪು ಟೋಪಿಯ ಉದ್ದೇಶ.

ಈ ಪದ್ಧತಿಯನ್ನು ಮಾರುವವರು ಹೇಳುವಷ್ಟು ಪವಾಡಗಳಿಗೆ ಗಟ್ಟಿಯಾದ ಸಂಶೋಧನೆಯ ಬೆಂಬಲ ಕಡಿಮೆ. ಬಿಸಿಯಾದ ಸಭೆಯನ್ನು ತಣ್ಣಗಾಗಿಸಲು ಮಾತ್ರ ಇದು ಒಳ್ಳೆಯ ಉಪಾಯ.

ಸೋತಾಗಿದೆ ಎಂದುಕೊಂಡು ಯೋಚಿಸುವುದು

ಒಂದು ಯೋಜನೆ ಬಹುತೇಕ ನಿಶ್ಚಯವಾದ ಮೇಲೆ ‘ಏನಾದರೂ ತೊಂದರೆ ಇದೆಯೇ?’ ಎಂದು ಕೇಳಿದರೆ ಯಾರೂ ಹೂಂ ಎನ್ನುವುದಿಲ್ಲ. ಶುಭಕಾರ್ಯದ ಹೊತ್ತಿಗೆ ಅಪಶಕುನ ನುಡಿಯಲು ಯಾರಿಗೆ ಮನಸ್ಸು ಬರುತ್ತದೆ? ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ 2007ರಲ್ಲಿ ಬರೆದು ಜನಪ್ರಿಯಗೊಳಿಸಿದ ‘ಪ್ರೀಮಾರ್ಟಮ್’ ಆ ಪ್ರಶ್ನೆಯನ್ನೇ ತಿರುಗಿಸಿ ಕೇಳುತ್ತದೆ. ಒಂದು ವರ್ಷ ಕಳೆದಿದೆ, ಯೋಜನೆ ಪೂರ್ತಿ ನೆಲಕಚ್ಚಿದೆ. ಏನಾಯಿತೆಂದು ಬರೆಯಿರಿ.

ಸೋಲು ಆಗಿಹೋಗಿದೆ ಎಂದುಕೊಂಡ ಕೂಡಲೇ ಕಾರಣಗಳು ತಾವಾಗಿ ಹೊರಬರುತ್ತವೆ. ಮಳೆನೀರು ಕೊಯ್ಲಿನ ಯೋಜನೆ ಏಕೆ ಸೋತಿತು? ಫಿಲ್ಟರ್ ಯಾರೂ ತೊಳೆಯಲಿಲ್ಲ. ಟೆರೇಸ್ ಮೇಲೆ ಪಾರಿವಾಳದ ಹಿಕ್ಕೆ. ಗುತ್ತಿಗೆದಾರ ಅರ್ಧಕ್ಕೆ ಬಿಟ್ಟುಹೋದ. ಸಮಿತಿ ಬದಲಾಯಿತು, ಹೊಸಬರಿಗೆ ಆಸಕ್ತಿ ಇರಲಿಲ್ಲ. ಕಾಲು ಗಂಟೆಯಲ್ಲಿ ಸಿಕ್ಕ ಈ ಪಟ್ಟಿಯೇ ಮುಂದಿನ ಕೆಲಸಗಳ ಪಟ್ಟಿ. ಇಲ್ಲಿ ದೋಷ ಹುಡುಕುವವರು ಯೋಜನೆಯ ವಿರೋಧಿಗಳೆನಿಸಿಕೊಳ್ಳುವುದಿಲ್ಲ, ಕೊಟ್ಟ ಕೆಲಸ ಮಾಡುತ್ತಿದ್ದಾರೆ ಅಷ್ಟೆ.

ರಂಗೋಲಿ ಪುಡಿ, ಹುಣಸೆ ಬೀಜ

ಇದೆಲ್ಲ ಓದುಬರಹ ಬಲ್ಲವರ, ಎ.ಸಿ. ಕೋಣೆಗಳ ಆಟ ಎನಿಸಿದರೆ ಆಶ್ಚರ್ಯವಿಲ್ಲ. ಆದರೆ ಗುಂಪಾಗಿ ಯೋಚಿಸುವ ಬಲು ಸುಂದರ ಪದ್ಧತಿಗಳಲ್ಲಿ ಒಂದು ನಮ್ಮ ಹಳ್ಳಿಗಳ ಮಣ್ಣಿನಲ್ಲೇ ಬೆಳೆಯಿತು. 1980ರ ದಶಕದ ಕೊನೆಯಲ್ಲಿ ಪಿಆರ್‌ಎ ಎಂದು ಕರೆಯುವ ಗ್ರಾಮೀಣ ಸಹಭಾಗಿತ್ವದ ವಿಧಾನಗಳು ಭಾರತಕ್ಕೆ ಕಾಲಿಟ್ಟಾಗ ಅವನ್ನು ಮೊದಲು ಕೈಗೆತ್ತಿಕೊಂಡವರಲ್ಲಿ ಬೆಂಗಳೂರಿನ ಮೈರಾಡ ಸಂಸ್ಥೆಯೂ ಒಂದು.

ಅಧಿಕಾರಿ ಪ್ರಶ್ನಾವಳಿ ಹಿಡಿದು ಬರುವ ಬದಲು, ಊರಿನವರೇ ನೆಲದ ಮೇಲೆ ತಮ್ಮೂರಿನ ನಕ್ಷೆ ಬಿಡಿಸುತ್ತಾರೆ. ರಂಗೋಲಿ ಪುಡಿಯ ಗೆರೆ ರಸ್ತೆ, ಬಣ್ಣದ ಪುಡಿ ಕೆರೆ, ಎಲೆಗಳು ತೋಪು, ಕಲ್ಲುಗಳು ಮನೆ. ಯಾರೋ ಹಳ್ಳವನ್ನು ತಪ್ಪು ಕಡೆ ಎಳೆದರೆ ಇನ್ನೊಬ್ಬರು ಬಗ್ಗಿ ಅಳಿಸಿ ಸರಿಮಾಡುತ್ತಾರೆ. ಕಾಗದದ ಮೇಲಿನ ಪೆನ್ನು ಒಬ್ಬರ ಕೈಯಲ್ಲಿರುತ್ತದೆ. ನೆಲದ ಮೇಲಿನ ನಕ್ಷೆ ಎಲ್ಲರ ಕೈಗೂ ಎಟುಕುತ್ತದೆ.

ಆರಿಸುವ ಹಂತಕ್ಕೆ ಬೀಜಗಳು. ನೆಲದಲ್ಲಿ ಚೌಕಗಳನ್ನು ಬರೆದು, ಮೇಲಿನ ಸಾಲಿಗೆ ಮರಗಳ ಹೆಸರು ಎಂದಿಟ್ಟುಕೊಳ್ಳಿ: ಹೊಂಗೆ, ಹುಣಸೆ, ನೀಲಗಿರಿ. ಪಕ್ಕದ ಸಾಲಿಗೆ ಬಳಕೆಗಳು: ಸೌದೆ, ಮೇವು, ನೆರಳು, ಮಾರಿದರೆ ಬರುವ ದುಡ್ಡು. ಒಂದೊಂದು ಚೌಕಕ್ಕೂ ಎಷ್ಟು ಬೀಜ ಇಡಬೇಕೆಂದು ಮಾತಾಡಿಕೊಂಡು ಇಡುತ್ತಾರೆ. ಮ್ಯಾನೇಜ್‌ಮೆಂಟ್ ಕೋರ್ಸುಗಳಲ್ಲಿ ಡಿಸಿಷನ್ ಮ್ಯಾಟ್ರಿಕ್ಸ್ ಎಂದು ಕಲಿಸುವುದೂ ಇದನ್ನೇ. ಬಳಕೆಗಳ ಸಾಲಿನಲ್ಲಿ ಏನಿರಬೇಕು ಎಂಬುದರಲ್ಲೇ ಅರ್ಧ ತೀರ್ಮಾನ ಅಡಗಿರುತ್ತದೆ. ಬರೀ ಗಂಡಸರು ಕೂತರೆ ಪಟ್ಟಿಯಲ್ಲಿ ದುಡ್ಡು ಮೇಲೆ ಬರಬಹುದು, ಹೆಂಗಸರು ಕೂತರೆ ಸೌದೆ, ಮೇವು. ಹೀಗಾಗಿ ಬೇರೆ ಬೇರೆ ಗುಂಪುಗಳಿಂದ ಬೇರೆ ಬೇರೆ ಪಟ್ಟಿ ಮಾಡಿಸಿ ಆಮೇಲೆ ಹೋಲಿಸುತ್ತಾರೆ. ಕರ್ನಾಟಕದ ಪಂಚಾಯಿತಿಗಳಲ್ಲಿ ಸಾಮಾನ್ಯ ಗ್ರಾಮಸಭೆಯ ಜೊತೆಗೆ ಮಹಿಳಾ ಗ್ರಾಮಸಭೆ, ಮಕ್ಕಳ ಗ್ರಾಮಸಭೆ ನಡೆಸುವುದರ ಹಿಂದಿರುವುದೂ ಇದೇ ಯೋಚನೆ. ದೊಡ್ಡವರ ಸಭೆಯಲ್ಲಿ ಮಗು ಎದ್ದು ನಿಂತು ಶಾಲೆಯ ಶೌಚಾಲಯದ ಬಾಗಿಲು ಮುರಿದಿದೆ ಎನ್ನುವುದಿಲ್ಲ, ಮಕ್ಕಳ ಸಭೆಯಲ್ಲಿ ಹೇಳುತ್ತದೆ.

ಕೈ ಎತ್ತಿದರೆ ಗೆಲ್ಲುವವರು ಯಾರು?

ಕೊನೆಯ ಹಂತ ಮತ. ಇಲ್ಲೊಂದು ಗಣಿತದ ಬಲೆಯಿದೆ. ಅರವತ್ತು ಮನೆಗಳ ಅಪಾರ್ಟ್‌ಮೆಂಟ್, ಮೂರು ದಾರಿಗಳು: ಬೋರ್‌ವೆಲ್, ಮಳೆನೀರು ಕೊಯ್ಲು, ಕಾವೇರಿ ಸಂಪರ್ಕ. ಬೋರ್‌ವೆಲ್‌ಗೆ 25 ಮತ, ಮಳೆನೀರಿಗೆ 18, ಕಾವೇರಿಗೆ 17. ಬೋರ್‌ವೆಲ್ ಗೆದ್ದಿತು. ಆದರೆ ಉಳಿದ 35 ಮನೆಗಳಿಗೆ ಅದು ಬೇಡವೇ ಬೇಡ.

ಈಗ ಮೊದಲ, ಎರಡನೆಯ, ಮೂರನೆಯ ಆಯ್ಕೆಯನ್ನು ಕ್ರಮವಾಗಿ ಬರೆಸಿ, 3, 2, 1 ಅಂಕ ಕೊಡಿ. ಬೋರ್‌ವೆಲ್‌ನವರಿಗೂ ಕಾವೇರಿಯವರಿಗೂ ಎರಡನೆಯ ಆಯ್ಕೆ ಮಳೆನೀರು, ಮಳೆನೀರಿನವರಿಗೆ ಎರಡನೆಯದು ಕಾವೇರಿ ಎಂದುಕೊಳ್ಳೋಣ. ಆಗ ಬೋರ್‌ವೆಲ್‌ಗೆ 110, ಕಾವೇರಿಗೆ 112, ಮಳೆನೀರಿಗೆ 138 ಅಂಕ. ಅದೇ ಜನ, ಅದೇ ಅಭಿಪ್ರಾಯ. ಎಣಿಸುವ ಬಗೆ ಬದಲಾದೊಡನೆ ಮೊದಲಿದ್ದ ಬೋರ್‌ವೆಲ್ ಕೊನೆಗೆ ಹೋಯಿತು, ಮಳೆನೀರು ಗೆದ್ದಿತು. ಹದಿನೆಂಟನೇ ಶತಮಾನದ ಫ್ರಾನ್ಸಿನಲ್ಲಿ ಈ ಎಣಿಕೆಯನ್ನು ಮುಂದಿಟ್ಟವರು ಜಾನ್-ಷಾರ್ಲ್ ಡಿ ಬೊರ್ದಾ. ಇದೂ ದೋಷವಿಲ್ಲದ್ದಲ್ಲ, ಎದುರಾಳಿಯನ್ನು ಬೇಕೆಂದೇ ಕೊನೆಗೆ ತಳ್ಳಿ ಆಟವಾಡಬಹುದು. ಜೊತೆಗೆ ಸಂಘದ ಬೈಲಾದಲ್ಲಿ ಹೀಗೆ ಮತ ಹಾಕಲು ಅವಕಾಶ ಇರದಿರಬಹುದು. ಹಾಗಾಗಿ ಒಲವು ತಿಳಿಯಲು ಕ್ರಮಾಂಕ, ಆಮೇಲೆ ಗೆದ್ದ ದಾರಿಯನ್ನು ಠರಾವಾಗಿ ಮಂಡಿಸಿ ಬೈಲಾ ಪ್ರಕಾರ ಮತ. ಇದು ಕಾನೂನಿಗೂ ಸರಿ, ಜನಕ್ಕೂ ಸರಿ.

ಎಲ್ಲಿ ಉಪಯೋಗವಿಲ್ಲ

ಬೆಂಕಿ ಬಿದ್ದಾಗ ಚೀಟಿ ಹಂಚಬೇಡಿ. ಮೋಟಾರ್ ಸುಟ್ಟರೆ ಯಾರನ್ನು ಕರೆಯಬೇಕೆಂದು ನಿರ್ಧರಿಸಲು ಒಬ್ಬರು ಸಾಕು. ಅಧ್ಯಕ್ಷರು ಆಗಲೇ ಬೋರ್‌ವೆಲ್ ಲಾರಿಗೆ ಮುಂಗಡ ಕೊಟ್ಟಿದ್ದರೆ ಆರು ಟೋಪಿ ಬರೀ ನಾಟಕ, ಅದು ಜನಕ್ಕೆ ಬೇಗ ತಿಳಿಯುತ್ತದೆ. ಮುಂದಿನ ಸಲ ಯಾರೂ ಮನಸ್ಸಿಟ್ಟು ಬರೆಯುವುದಿಲ್ಲ.

ಇನ್ನೊಂದು ಸೂಕ್ಷ್ಮ. ಮಾಹಿತಿ ಸಾಲದೆ ಆದ ಭಿನ್ನಾಭಿಪ್ರಾಯಕ್ಕೆ ಈ ಪದ್ಧತಿಗಳು ಕೆಲಸ ಮಾಡುತ್ತವೆ. ಹಿತಾಸಕ್ತಿಯ ಜಗಳಕ್ಕೆ ಅಷ್ಟಾಗಿ ಅಲ್ಲ. ನಾಲ್ಕು ಜನರ ಮನೆಯೂ ಒಬ್ಬರೇ ಇರುವ ಮನೆಯೂ ನೀರಿಗೆ ಒಂದೇ ದುಡ್ಡು ಕಟ್ಟಬೇಕೇ ಎಂಬುದಕ್ಕೆ ಹೆಚ್ಚು ಯೋಚಿಸಿದರೆ ಉತ್ತರ ಹೊಳೆಯುವುದಿಲ್ಲ, ಕೊಡುಕೊಳ್ಳುವಿಕೆ ಬೇಕು.

ವಾಟ್ಸ್‌ಆ್ಯಪ್ ಪೋಲ್ ಮತ್ತು ನಡಾವಳಿ ಪುಸ್ತಕ

ಈಗ ಬಹಳಷ್ಟು ತೀರ್ಮಾನಗಳು ವಾಟ್ಸ್‌ಆ್ಯಪ್ ಗುಂಪಿನಲ್ಲೇ ಆಗುತ್ತವೆ. ಅಲ್ಲಿನ ಪೋಲ್‌ನಲ್ಲಿ ಸಾಮಾನ್ಯವಾಗಿ ಯಾರು ಯಾವುದಕ್ಕೆ ಮತ ಹಾಕಿದರು ಎಂಬುದು ಎಲ್ಲರಿಗೂ ಕಾಣುತ್ತದೆ, ಮೊದಲ ಹತ್ತು ಮತಗಳು ಉಳಿದವರ ಮೇಲೆ ಒತ್ತಡ ಹಾಕುತ್ತವೆ. ಇದಕ್ಕೆ ಬದಲು ಹೆಸರು ಕೇಳದ ಗೂಗಲ್ ಫಾರ್ಮ್ ಕಳಿಸಬಹುದು. ಮೊದಲ ಸುತ್ತಿನ ಉತ್ತರ ಮತ್ತು ಕಾರಣಗಳನ್ನು ಹೆಸರಿಲ್ಲದೆ ಎಲ್ಲರಿಗೂ ತೋರಿಸಿ, ಅದನ್ನು ಓದಿದ ಮೇಲೆ ಮತ್ತೊಮ್ಮೆ ಉತ್ತರ ಕೇಳಬೇಕು. ಅಮೆರಿಕದ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ 1950ರ ದಶಕದಲ್ಲಿ ರಕ್ಷಣಾ ತಜ್ಞರ ಅಂದಾಜುಗಳನ್ನು ಕೂಡಿಸಲು ಪ್ರಶ್ನಾವಳಿಗಳ ಮೂಲಕ ಮಾಡಿದ್ದು ಇದನ್ನೇ. ಅದಕ್ಕೆ ಡೆಲ್ಫಿ ಎಂದು ಹೆಸರು. ಎರಡು ಮೂರು ಸುತ್ತಿನಲ್ಲಿ ಅಭಿಪ್ರಾಯಗಳು ಹತ್ತಿರ ಬರುತ್ತವೆ, ಅಥವಾ ಎಲ್ಲಿ ಹತ್ತಿರ ಬರುವುದಿಲ್ಲ ಎಂಬುದಾದರೂ ಸ್ಪಷ್ಟವಾಗುತ್ತದೆ.

ತೀರ್ಮಾನವಾದ ಮೇಲೆ ನಡಾವಳಿ ಪುಸ್ತಕದಲ್ಲಿ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದು ಒಂದು ಸಾಲು ಬರೆದು ಸಹಿ ಹಾಕಿಸುವುದು ರೂಢಿ. ಅದರ ಕೆಳಗೆ ಇನ್ನು ಮೂರು ಸಾಲಿಗೆ ಜಾಗ ಮಾಡಿ: ಯಾವ ದಾರಿಗಳನ್ನು ಏಕೆ ಬಿಟ್ಟೆವು, ಯಾವ ಅಂಕಿಅಂಶವನ್ನು ನಂಬಿದೆವು, ಯಾವ ದಿನ ಮತ್ತೆ ನೋಡುತ್ತೇವೆ. ಮಳೆನೀರಿನ ತೀರ್ಮಾನವಾದರೆ ಆ ದಿನಾಂಕ ಮುಂಗಾರು ಶುರುವಾಗುವ ಮೊದಲೇ ಇರಲಿ. ಜೂನ್ ಕಳೆದ ಮೇಲೆ ಫಿಲ್ಟರ್ ತೊಳೆದಿಲ್ಲವೆಂದು ಗೊತ್ತಾದರೆ ಆ ವರ್ಷದ ಒಂದಷ್ಟು ನೀರು ಆಗಲೇ ಚರಂಡಿಗೆ ಹೋಗಿರುತ್ತದೆ.